ಆರು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ

ಕಳೆದ ತಿಂಗಳು ಇದೇ ಪುಟದಲ್ಲಿ, ಹಾಡೊಂದು ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆಗೆ ಉತ್ತರಿಸುವಾಗ, ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ತಂಡ 1975ರಲ್ಲಿ ಹೊರತಂದ ‘ಬೊಹೀಮಿಯನ್ ರಾಪ್ಸೊಡಿ’ ಎಂಬ ಹಾಡನ್ನು ಎರಡೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ಆ ಎರಡು ಸಾಲು ಹಿಡಿದುಕೊಂಡು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಆ ಹಾಡು ಆರು ನಿಮಿಷದ್ದೆಂದು ನೀವು ಬರೆದಿದ್ದೀರಿ. ನನ್ನ ಮೊಬೈಲಿನಲ್ಲಿ ಅದು 5 ನಿಮಿಷ 55 ಸೆಕೆಂಡು ಎಂದು ತೋರಿಸುತ್ತದೆ. ಅದಿರಲಿ, ಭಜನೆಯ ಒಂದು ಪದವನ್ನು ಕಾಲು ಗಂಟೆ ಹಾಡುವ ನಮ್ಮಂಥವರ ಊರಿನಲ್ಲಿ ಆರು ನಿಮಿಷದ ಹಾಡನ್ನು ಉದ್ದವೆಂದು ಕರೆಯುವುದೇ ನನಗೆ ಸೋಜಿಗವೆನಿಸುತ್ತದೆ. (ಅಥಣಿ)

ಉತ್ತರ: ತಪ್ಪು ನನ್ನದೇ, ಐದು ಸೆಕೆಂಡನ್ನು ನಾನು ಧಾರಾಳವಾಗಿ ಸೇರಿಸಿಬಿಟ್ಟಿದ್ದೆ. ಇನ್ನು ನಿಮ್ಮ ಸೋಜಿಗದ ಮಾತು. ಆ ಹಾಡು ಉದ್ದವೆನಿಸಿದ್ದು ಕೇಳುವ ಕಿವಿಗಲ್ಲ, ಅದನ್ನು ಹೊತ್ತುಕೊಂಡು ಹೋಗಬೇಕಾದ ತಟ್ಟೆಗೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಇಂಚಿನ ಹಳೆಯ ಗ್ರಾಮೋಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಅದಕ್ಕಿಂತ ತುಸು ಹೆಚ್ಚು ಸಂಗೀತ ಹಿಡಿಯುತ್ತಿತ್ತು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ದನಿ ಮನೆಮನೆಗೆ ತಲುಪಿದ್ದು ಅಂಥ ಮೂರು ನಿಮಿಷದ ತುಣುಕುಗಳಾಗಿಯೇ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಬೆಳೆಸಬಲ್ಲ ಸಂಗೀತವನ್ನು ಅದೇ ಅಳತೆಗೆ ಇಳಿಸಿ ಮುದ್ರಿಸಿದರು, ಮತ್ತು ಅವರ ಠುಮ್ರಿಯ ಒಂದು ತಟ್ಟೆಯನ್ನು ಕೇಳಿಯೇ ಗದುಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಅಂದರೆ ಮೂರು ನಿಮಿಷದ ಕಟ್ಟು ನಮ್ಮ ಸೀಮೆಯ ಕಲಾವಿದರಿಗೂ ಹೊಸದಾಗಿರಲಿಲ್ಲ.

1949ರಲ್ಲಿ ಅಮೆರಿಕದಲ್ಲಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆ ಬಂತು. ಬದಿಗೊಂದರಂತೆ ಎರಡೇ ಹಾಡಿರುವ ಈ ತಟ್ಟೆಗೇ ಸಿಂಗಲ್ ಎಂಬ ಹೆಸರು ನಿಂತಿತು. ಇದರಲ್ಲಿ ಆರು ನಿಮಿಷ ಹಿಡಿಸುವುದೇ ಇಲ್ಲವೆಂದಲ್ಲ. ಆದರೆ ಸೂಜಿ ಸಾಗುವ ಗೀರು ಉದ್ದವಾದಷ್ಟೂ ಸುತ್ತುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತಾಗಿ ಕೊರೆದರೆ ಜೋರಾದ ಸದ್ದಿಗೆ, ಅದರಲ್ಲೂ ತಗ್ಗಿನ ಸ್ವರಗಳ ಅದುರಿಗೆ, ಅಕ್ಕಪಕ್ಕ ಜಾಗ ಸಾಲುವುದಿಲ್ಲ. ಹಾಗಾಗಿ ಇಡೀ ಹಾಡನ್ನೇ ಮೆಲುದನಿಯಲ್ಲಿ ಕೊರೆಯಬೇಕಾಗುತ್ತದೆ. ರೇಡಿಯೊದವರೂ ಜಾಹೀರಾತು, ಸುದ್ದಿ, ಮಾತುಗಳ ನಡುವೆ ಮೂರು ನಿಮಿಷದ ಹಾಡುಗಳನ್ನು ಜೋಡಿಸಿಯೇ ತಮ್ಮ ಗಂಟೆಯನ್ನು ಕಟ್ಟಿಕೊಂಡಿದ್ದರು. ತಟ್ಟೆಯ ಕೊರತೆಯಾಗಿ ಹುಟ್ಟಿದ್ದು ಇಪ್ಪತ್ತೈದು ವರ್ಷಗಳಲ್ಲಿ ವ್ಯಾಪಾರದ ಕಟ್ಟಳೆಯಾಗಿ ಕೂತಿತು. ಕ್ವೀನ್ ತಂಡ ಮುರಿದದ್ದು ಈ ಕಟ್ಟಳೆಯನ್ನು.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿ. ನೂರು ಜನ ಒಟ್ಟಿಗೆ ಹಾಡಿದಂತೆ ಕೇಳುವ ಆ ನಡುವಿನ ಭಾಗವನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಮಾಡಿದರು? ನಿಜವಾಗಿಯೂ ಎಷ್ಟು ಜನ ಹಾಡಿದ್ದಾರೆ? (ಬೆಳಗಾವಿ)

ಉತ್ತರ: ಹಾಡಿದವರು ಮೂವರೇ. ತಂಡದಲ್ಲಿದ್ದ ನಾಲ್ವರಲ್ಲಿ ಬೇಸ್ ಗಿಟಾರಿನ ಜಾನ್ ಡೀಕನ್ ಈ ಹಾಡಿನಲ್ಲಿ ದನಿ ಕೊಟ್ಟಿಲ್ಲ. ಪಿಯಾನೊ ನುಡಿಸಿ ಮುಖ್ಯವಾಗಿ ಹಾಡಿದ ಫ್ರೆಡಿ ಮರ್ಕ್ಯುರಿ ನಡುವಿನ ಸ್ತರಕ್ಕೆ, ಗಿಟಾರಿನ ಬ್ರಯಾನ್ ಮೇ ಕೆಳಗಿನ ಸ್ತರಕ್ಕೆ, ಡ್ರಮ್ಸಿನ ರಾಜರ್ ಟೇಲರ್ ಎಲ್ಲಕ್ಕಿಂತ ಮೇಲಿನ ಸ್ತರಕ್ಕೆ ನಿಂತರು. ಹೆಂಗಸಿನದೆಂದು ನೀವು ಭಾವಿಸಿರಬಹುದಾದ ಆ ತಾರಕದ ಕೂಗು ಟೇಲರ್‌ನದು.

ಕೆಲಸ ಮೊದಲಾದದ್ದು 1975ರ ಆಗಸ್ಟಿನಲ್ಲಿ, ವೇಲ್ಸ್ ಸೀಮೆಯ ಮಾನ್‌ಮತ್ ಊರಿನ ಬಳಿಯ ರಾಕ್‌ಫೀಲ್ಡ್ ಎಂಬಲ್ಲಿ. ಅದು ಮೂಲದಲ್ಲಿ ದನ ಸಾಕಿ ಹೈನು ಮಾಡುವ ಹೊಲಮನೆ. ಒಡೆಯರಾದ ಅಣ್ಣತಮ್ಮಂದಿರು 1960ರ ದಶಕದಲ್ಲಿ ಅದನ್ನು ಸ್ಟುಡಿಯೊ ಮಾಡಿದ್ದರು, ಕಲಾವಿದರು ಅಲ್ಲಿಯೇ ಉಂಡು ಮಲಗಿ ಕೆಲಸ ಮಾಡಬಹುದಿತ್ತು. ಮೊದಲಿಗೆ ಪಿಯಾನೊ, ಬೇಸ್, ಡ್ರಮ್ಸ್ ಮೂರನ್ನು ಮುದ್ರಿಸಿದರು. ಹಾಡಿನ ಒಟ್ಟು ನಕಾಶೆ ಇದ್ದದ್ದು ಮರ್ಕ್ಯುರಿಯ ತಲೆಯಲ್ಲಿ; ಇಲ್ಲಿ ಆಪೆರಾ, ಅಂದರೆ ಯುರೋಪಿನ ಹಾಡುನಾಟಕದ ಧಾಟಿಯ ಆ ನಡುವಿನ ಭಾಗ, ಬರುತ್ತದೆ ಎಂದು ಹೇಳಿ ಆತ ಟೇಪಿನಲ್ಲಿ ಜಾಗ ಬಿಡಿಸುತ್ತಿದ್ದ. ನಿರ್ಮಾಪಕ ರಾಯ್ ಥಾಮಸ್ ಬೇಕರ್ ಮೊದಲಿಗೆ ಬಿಟ್ಟ ಜಾಗ ಚಿಕ್ಕದು. ಮರ್ಕ್ಯುರಿಗೆ ದಿನಕ್ಕೊಂದು ಹೊಸ ಕೂಗು ಹೊಳೆದು ಅದು ಹಿಗ್ಗುತ್ತಾ ಹೋಯಿತು. ಹಾಡಿನ ಆ ಒಂದು ನಿಮಿಷಕ್ಕೆ ಸುಮಾರು ಮೂರು ವಾರ ಹಿಡಿಯಿತು, ಮೂವರೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿದರು.

ಈಗ ನಿಮ್ಮ ಎಂಜಿನಿಯರಿಂಗಿನ ಪ್ರಶ್ನೆ. ಎರಡು ಇಂಚು ಅಗಲದ ಟೇಪಿನ ಮೇಲೆ ಉದ್ದಕ್ಕೆ 24 ಪಟ್ಟಿಗಳು, ಅಂದರೆ ಟ್ರ್ಯಾಕುಗಳು. ಒಂದರ ಮೇಲೆ ಮೂವರೂ ಕೂಡಿ ಒಂದು ಸ್ವರವನ್ನು ಹಾಡಬೇಕು, ಮತ್ತೊಂದರ ಮೇಲೆ ಅದನ್ನೇ ಇನ್ನೊಮ್ಮೆ ಹಾಡಬೇಕು, ಆಮೇಲೆ ಮುಂದಿನ ಸ್ವರ. ಹೀಗೆ ಮಾಡುತ್ತಾ ಹೋದರೆ 24 ಪಟ್ಟಿಗಳು ಅರ್ಧ ದಿನದಲ್ಲಿ ತುಂಬಿಹೋಗುತ್ತವೆ. ತುಂಬಿದವುಗಳನ್ನೆಲ್ಲ ಹದಗೂಡಿಸಿ ಒಂದೆರಡು ಪಟ್ಟಿಗಳ ಮೇಲೆ ನಕಲು ಮಾಡಿದರೆ ಉಳಿದವು ಖಾಲಿಯಾಗುತ್ತವೆ. ಮತ್ತೆ ಅವುಗಳ ಮೇಲೆ ಹಾಡಬೇಕು, ಮತ್ತೆ ಕೂಡಿಸಬೇಕು. ಹೀಗೆ ಒಂದರ ಮೇಲೊಂದು ಕೂತ ಪದರಗಳು ಸುಮಾರು 180 ಎಂದು ಹೇಳುವುದುಂಟು. ಇದರಲ್ಲಿ ಎರಡು ಅಪಾಯಗಳಿದ್ದವು. ಒಮ್ಮೆ ಕೂಡಿಸಿದ ದನಿಗಳನ್ನು ಮತ್ತೆ ಬಿಡಿಸಲು ಬರುವುದಿಲ್ಲ, ಆದ್ದರಿಂದ ಯಾವ ದನಿ ಎಷ್ಟು ಏರಿರಬೇಕೆಂಬ ತೀರ್ಮಾನವನ್ನು ಹಾಡು ಅರ್ಧವೂ ಆಗುವ ಮೊದಲೇ ಮಾಡಿಬಿಡಬೇಕು. ಎರಡನೆಯದಾಗಿ, ಪ್ರತಿ ನಕಲಿಗೂ ‘ಸುಯ್’ ಎನ್ನುವ ಸದ್ದು ಏರುತ್ತದೆ. ಈ ಸದ್ದಿನ ಗುರುತು ನನಗೆ ಚೆನ್ನಾಗಿದೆ. 1980ರ ದಶಕದಲ್ಲಿ ಬೆಳಗಾವಿಯ ಕ್ಯಾಂಪಿನಲ್ಲಿದ್ದ ಗೆಳೆಯನ ಮನೆಯಲ್ಲಿ ನಾನು ಈ ಹಾಡನ್ನು ಮೊದಲು ಕೇಳಿದ್ದು ಗೋವಾದಿಂದ ಬಂದ ಕ್ಯಾಸೆಟ್ಟಿನ ನಕಲಿನ ನಕಲಿನಲ್ಲಿ. ಹಾಡಿಗಿಂತ ಮೊದಲು ಸುಯ್ಲು ಕೇಳಿಸುತ್ತಿತ್ತು, ಹಾಡು ಮುಗಿದ ಮೇಲೂ ಅದು ಉಳಿಯುತ್ತಿತ್ತು. ಕ್ವೀನ್ ತಂಡದವರು ಅದೇ ಟೇಪನ್ನು ಯಂತ್ರದ ಹೆಡ್ಡಿನ ಮೇಲೆ ಎಷ್ಟು ಸಲ ಓಡಿಸಿದರೆಂದರೆ ಕಂದು ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಂತಾಗಿತ್ತು ಎಂದು ಅವರೇ ನೆನಪಿಸಿಕೊಂಡಿದ್ದಾರೆ.

ಬೇರೆ ಬೇರೆಯಾಗಿ ಸಿದ್ಧವಾದ ಭಾಗಗಳನ್ನು ಕೊನೆಗೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಒಂದು ಮಾಡಿದರು. ಇಳಕಲ್ಲಿನ ನೇಕಾರರು ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುವುದನ್ನು ನೀವು ನೋಡಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ: ಬಣ್ಣ ಬದಲಾಯಿತೆಂದು ಕಣ್ಣಿಗೆ ಕಾಣಬೇಕು, ಗಂಟು ಕೈಗೆ ಸಿಗಬಾರದು. ಈ ಹಾಡಿನಲ್ಲಿ ಪಿಯಾನೊದ ಮೆಲುಹಾಡು ಮುಗಿದು ಗಿಟಾರು ಬಂದು, ಗಿಟಾರು ನಿಂತು ಆಪೆರಾ ಮೊದಲಾಗುವ ಜಾಗವನ್ನು ಕಿವಿಗೊಟ್ಟು ಕೇಳಿ. ಅದು ಸುಮಾರು ಮೂರು ನಿಮಿಷದ ಗುರುತಿನಲ್ಲಿದೆ. ಬೇರೆಯವರ ಸಿಂಗಲ್ಲು ಮುಗಿದು ಸೂಜಿ ಏಳುವ ಹೊತ್ತಿಗೆ ಇವರ ಹಾಡಿನ ಎರಡನೆಯ ಅಂಕ ತೆರೆಯುತ್ತದೆ.

ಪ್ರಶ್ನೆ: ಆಪೆರಾ ಎಂದರೆ ನಮ್ಮ ಸಂಗೀತ ನಾಟಕವೇ? ಆ ಭಾಗದಲ್ಲಿ ‘ಬಿಸ್ಮಿಲ್ಲಾ’ ಎಂದು ಕೂಗುವುದು ಸ್ಪಷ್ಟವಾಗಿ ಕೇಳುತ್ತದೆ. ರಾಕ್ ಹಾಡಿನಲ್ಲಿ ಅದು ಏಕೆ ಬಂತು? ಹಾಡಿನ ಅರ್ಥವೇನು? (ವಿಜಯಪುರ)

ಉತ್ತರ: ಮಾತಿನ ಬದಲು ಹಾಡಿನಲ್ಲೇ ಕಥೆ ನಡೆಸುವ ಯುರೋಪಿನ ನಾಟಕ ಪದ್ಧತಿಯೇ ಆಪೆರಾ. ಕಂಪನಿ ನಾಟಕಕ್ಕಿಂತ, ನಮ್ಮ ಶ್ರೀಕೃಷ್ಣ ಪಾರಿಜಾತಕ್ಕೆ ಅದನ್ನು ಹೋಲಿಸುವುದು ಹೆಚ್ಚು ಸರಿ. ಆದರೆ ಕ್ವೀನ್ ತಂಡದವರು ಆಪೆರಾ ಕಲಿತವರಲ್ಲ. ಅವರು ಮಾಡಿದ್ದು ಪ್ರೀತಿಯ ಅಣಕು. ಇಟಲಿಯ ಹಳೆಯ ಪ್ರಹಸನಗಳ ಜಂಬಗಾರ ಕೋಡಂಗಿ ಸ್ಕಾರಮೂಶ್, ವಿಜ್ಞಾನಿ ಗೆಲಿಲಿಯೊ, ಪ್ರಸಿದ್ಧ ಆಪೆರಾಗಳ ಕ್ಷೌರಿಕ ಫಿಗರೊ ಎಲ್ಲರೂ ಅಲ್ಲಿ ಒಂದೊಂದು ಕೂಗಿಗೆ ಬಂದು ಹೋಗುತ್ತಾರೆ. ಹೆಸರುಗಳ ನಾದಕ್ಕೇ ಅವರನ್ನು ಕರೆದಂತಿದೆ.

ನಿಮ್ಮ ಜಿಲ್ಲೆಯವರಿಗೆ ಆ ಭಾಗದ ಕಟ್ಟನ್ನು ವಿವರಿಸಲು ಪಶ್ಚಿಮದ ಕಡೆ ನೋಡಬೇಕಾಗಿಲ್ಲ. ಹರದೇಶಿ–ನಾಗೇಶಿ ಮೇಳಗಳು ಎದುರು ಬದುರು ನಿಂತು ಹಾಡಿನಲ್ಲೇ ವಾದ ಹೂಡುತ್ತವಲ್ಲ, ಗಂಡು ಹೆಚ್ಚೆಂದು ಒಬ್ಬರು, ಹೆಣ್ಣು ಹೆಚ್ಚೆಂದು ಇನ್ನೊಬ್ಬರು, ಅದೇ ರೀತಿ ಇಲ್ಲಿಯೂ ಎರಡು ಗುಂಪುಗಳು ಒಬ್ಬ ಬಡಪಾಯಿಯ ಮೇಲೆ ಜಗ್ಗಾಡುತ್ತವೆ: ಬಿಡಿ ಎಂದು ಒಂದು, ಬಿಡುವುದಿಲ್ಲವೆಂದು ಇನ್ನೊಂದು. ‘ಬಿಸ್ಮಿಲ್ಲಾ’ ಬರುವುದು ಆ ಜಗ್ಗಾಟದ ನಡುವೆ, ಬಿಡುವುದಿಲ್ಲವೆಂದು ಆಣೆಯಿಟ್ಟಂತೆ. ಮರ್ಕ್ಯುರಿ ಪಾರ್ಸಿ ಮನೆತನದವನು, ಆದರೆ ಹುಟ್ಟಿದ್ದು ಮುಸಲ್ಮಾನರೇ ಬಹುಸಂಖ್ಯೆಯಲ್ಲಿರುವ ಝಾಂಜಿಬಾರ್ ದ್ವೀಪದಲ್ಲಿ. ಆ ಪದ ಅವನ ಕಿವಿಗೆ ಪರಕೀಯವಾಗಿರಲಾರದು. ಮೊಹರಂ ಪದಗಳನ್ನು ಎಲ್ಲ ಜಾತಿಯವರೂ ಕೂಡಿ ಹಾಡುವ ನಿಮ್ಮ ಸೀಮೆಯಲ್ಲಿ ಅದು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲವೆಂದು ನಂಬಿದ್ದೇನೆ.

ಅರ್ಥದ ವಿಷಯ. ಕೊಲೆ ಮಾಡಿದೆನೆಂದು ಒಬ್ಬ ಮಗ ತಾಯಿಯ ಮುಂದೆ ಒಪ್ಪಿಕೊಳ್ಳುವಲ್ಲಿಂದ ಕಥೆ ಮೊದಲಾಗುತ್ತದೆ. ಅದರಾಚೆಗೆ ಏನೆಂದು ಮರ್ಕ್ಯುರಿ ಬದುಕಿರುವವರೆಗೂ ಬಿಡಿಸಿ ಹೇಳಲಿಲ್ಲ, ಕೇಳಿದವರಿಗೆ ನಿಮಗೆ ತಿಳಿದಂತೆ ತಿಳಿಯಿರಿ ಎಂಬ ಧಾಟಿಯಲ್ಲೇ ಉತ್ತರಿಸುತ್ತಿದ್ದ. ಅವನ ಖಾಸಗಿ ಬದುಕಿನ ಕೀಲಿಯಿಂದ ಹಾಡನ್ನು ತೆರೆಯುವವರು ಬಹಳ ಜನರಿದ್ದಾರೆ. ಅಂಥ ವ್ಯಾಖ್ಯಾನಗಳಲ್ಲಿ ಕೆಲವು ಜಾಣತನದಿಂದ ಕೂಡಿದ್ದರೂ, ಬರೆದವನೇ ಮುಚ್ಚಿಟ್ಟದ್ದನ್ನು ಊಹೆಯಿಂದ ತೆರೆಯುವುದು ನನಗೆ ರುಚಿಸುವುದಿಲ್ಲ.

ಪ್ರಶ್ನೆ: ಫ್ರೆಡಿ ಮರ್ಕ್ಯುರಿ ನಮ್ಮ ಪಕ್ಕದ ಪಂಚಗಣಿಯಲ್ಲಿ ಓದಿದ್ದು ನಿಜವೇ? (ಜಮಖಂಡಿ)

ಉತ್ತರ: ನಿಜ. 1946ರ ಸೆಪ್ಟೆಂಬರ್ 5ರಂದು ಹುಟ್ಟಿದ ಅವನ ಮನೆಯ ಹೆಸರು ಫರೂಖ್ ಬುಲ್ಸಾರಾ. ತಂದೆತಾಯಿಗಳು ಗುಜರಾತಿನ ಪಾರ್ಸಿಗಳು, ಮನೆತನದ ಹೆಸರಿನಲ್ಲಿರುವುದು ಈಗ ವಲಸಾಡ ಎಂದು ಕರೆಯುವ ಬುಲ್ಸಾರ್ ಊರು. 1950ರ ದಶಕದ ನಡುವಿನಲ್ಲಿ ಅವನನ್ನು ಝಾಂಜಿಬಾರಿನಿಂದ ಸಾತಾರಾ ಜಿಲ್ಲೆಯ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲ್ಲಿಗೆ ಕಳಿಸಿದರು. ಪಿಯಾನೊ ಕಲಿತದ್ದು ಅಲ್ಲಿಯೇ, ‘ದಿ ಹೆಕ್ಟಿಕ್ಸ್’ ಎಂಬ ಶಾಲಾ ಹುಡುಗರ ತಂಡದಲ್ಲಿ ನುಡಿಸಿದ್ದೂ ಅಲ್ಲಿಯೇ. 1964ರಲ್ಲಿ ಝಾಂಜಿಬಾರಿನ ಕ್ರಾಂತಿಯ ಕಾಲಕ್ಕೆ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಬೆಳಗಾವಿಯಿಂದ ಕೊಲ್ಲಾಪುರ, ಕರಾಡ, ಸಾತಾರಾ ದಾಟಿ ವಾಯಿಯಲ್ಲಿ ಘಾಟ್ ಹತ್ತಿದರೆ ಆ ಊರು ಸಿಗುತ್ತದೆ. ಆದರೆ ಹಾಡು ಪಂಚಗಣಿಯಲ್ಲಿ ಹುಟ್ಟಿತೆಂದು ದಯವಿಟ್ಟು ಯಾರಿಗೂ ಹೇಳಬೇಡಿ.

ಪ್ರಶ್ನೆ: 2018ರಲ್ಲಿ ಬಂದ, ಇದೇ ಹಾಡಿನ ಹೆಸರಿನ ಸಿನಿಮಾದಲ್ಲಿ ಕಂಪನಿಯ ಅಧಿಕಾರಿಯೊಬ್ಬ ಈ ಹಾಡನ್ನು ಸಿಂಗಲ್ಲಾಗಿ ಹೊರತರಲು ಒಪ್ಪದೆ ತಂಡದವರೊಂದಿಗೆ ಜಗಳವಾಡುತ್ತಾನೆ. ಹಾಗಾದರೆ ಹಾಡು ಜನರಿಗೆ ತಲುಪಿದ್ದು ಹೇಗೆ? (ಗೋಕಾಕ)

ಉತ್ತರ: ಆ ಅಧಿಕಾರಿ ಸಿನಿಮಾದವರು ಕಟ್ಟಿದ ಪಾತ್ರ. ಅದನ್ನು ಮಾಡಿದ ಮೈಕ್ ಮೈಯರ್ಸ್ ಯಾರೆಂಬುದನ್ನು ಮುಂದೆ ಹೇಳುತ್ತೇನೆ, ಅದರಲ್ಲೊಂದು ತಮಾಷೆಯಿದೆ. ಆದರೆ ಅಳುಕು ಮಾತ್ರ ಕಟ್ಟುಕಥೆಯಲ್ಲ. ತಂಡದ ತಟ್ಟೆಗಳನ್ನು ಹೊರತರುತ್ತಿದ್ದ ಇಎಂಐ ಕಂಪನಿಯ ಹಿರಿಯರಿಗೆ ಇಷ್ಟು ಉದ್ದದ ಹಾಡನ್ನು ರೇಡಿಯೊದವರು ಹಾಕಲಾರರೆಂಬ ಚಿಂತೆಯಿತ್ತು, ಕತ್ತರಿಸಬೇಕೆಂಬ ಮಾತೂ ಬಂತು, ತಂಡ ಒಪ್ಪಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಆ ಹಿರಿಯರು ಮೂರ್ಖರೇನೂ ಆಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ವಿಧದ ಹಾಡುಗಳನ್ನು ಹೊಲಿದು, ಒಂದೇ ಒಂದು ಪಲ್ಲವಿಯನ್ನೂ ಮರಳಿಸದೆ, ಕೊನೆಗೆ ಒಂದು ಜಾಗಟೆಯ ಸದ್ದಿನಿಂದ ಮುಗಿಯುವ ಆರು ನಿಮಿಷದ ಸರಕನ್ನು ನನ್ನ ಅಂಗಡಿಗೆ ತಂದಿದ್ದರೆ ನಾನೂ ಹಿಂದೆಮುಂದೆ ನೋಡುತ್ತಿದ್ದೆ.

ದಾರಿ ತೆರೆದವನು ಲಂಡನ್ನಿನ ಕ್ಯಾಪಿಟಲ್ ರೇಡಿಯೊದ ನಿರೂಪಕ ಕೆನ್ನಿ ಎವರೆಟ್. ಮರ್ಕ್ಯುರಿಯ ಗೆಳೆಯನಾಗಿದ್ದ ಆತನಿಗೆ ಬಿಡುಗಡೆಗೆ ಮೊದಲೇ ಒಂದು ಪ್ರತಿ ಸಿಕ್ಕಿತು. ಪ್ರಸಾರ ಮಾಡಬೇಡ ಎಂದು ಹೇಳಿ ಕೊಟ್ಟಿದ್ದರು. ಹಾಗೆ ಹೇಳಿದರೆ ಆತ ಮಾಡಿಯೇ ಮಾಡುತ್ತಾನೆಂಬುದು ಕೊಟ್ಟವರಿಗೆ ಗೊತ್ತಿತ್ತು. ಮೊದಲು ತುಣುಕುಗಳನ್ನು ಹಾಕಿ ಕೇಳುಗರನ್ನು ಕೆಣಕಿದ ಎವರೆಟ್ ಆಮೇಲೆ ಒಂದು ವಾರಾಂತ್ಯದ ಎರಡು ದಿನಗಳಲ್ಲಿ ಹಾಡನ್ನು 14 ಸಲ ಹಾಕಿದ. ಧಾರವಾಡ ಆಕಾಶವಾಣಿಗೆ ಮೆಚ್ಚಿನ ಹಾಡಿಗಾಗಿ ಅಂಚೆ ಕಾರ್ಡು ಬರೆದು, ತನ್ನ ಊರಿನ ಹೆಸರು ಬಂದೀತೇ ಎಂದು ವಾರಗಟ್ಟಲೆ ಕಾಯುತ್ತಿದ್ದ ನನ್ನಂಥವನಿಗೆ ಎರಡು ದಿನಕ್ಕೆ ಹದಿನಾಲ್ಕು ಸಲ ಎನ್ನುವುದು ಈಗಲೂ ನಂಬಲಾಗದ ಸಿರಿವಂತಿಕೆ. ಸೋಮವಾರ ಜನ ಅಂಗಡಿಗಳಿಗೆ ಹೋಗಿ ಕೇಳಿದರು. ತಟ್ಟೆ ಇನ್ನೂ ಬಂದಿರಲಿಲ್ಲ. ಕೊನೆಗೆ ಅದು ಹೊರಬಂದದ್ದು 1975ರ ಅಕ್ಟೋಬರ್ 31ರಂದು, ಒಂದು ಸೆಕೆಂಡೂ ಕತ್ತರಿಸದೆ.

ಮುಂದಿನ ತಿಂಗಳು ಇನ್ನೊಂದು ಕೆಲಸ ನಡೆಯಿತು. ತಂಡ ಊರೂರು ಸುತ್ತುತ್ತಾ ಕಛೇರಿ ಕೊಡುತ್ತಿದ್ದುದರಿಂದ ಬಿಬಿಸಿ ಟಿವಿಯ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಹಾಡಿನ ಕಾರ್ಯಕ್ರಮಕ್ಕೆ ಹೋಗುವುದು ಕಷ್ಟವಿತ್ತು, ಹೋದರೂ ಆಪೆರಾ ಭಾಗಕ್ಕೆ ಸುಮ್ಮನೆ ತುಟಿಯಾಡಿಸುತ್ತಾ ನಿಲ್ಲುವುದು ನಗೆಪಾಟಲಾಗುತ್ತಿತ್ತು. ಅದಕ್ಕಾಗಿ ನವೆಂಬರಿನಲ್ಲಿ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಬ್ರೂಸ್ ಗೌವರ್ಸ್ ನಿರ್ದೇಶನದಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ವಿಡಿಯೊ ಚಿತ್ರೀಕರಿಸಿದರು. ಒಂದು ಮುಖ ಹಲವಾಗಿ ಕಾಣುವ ದೃಶ್ಯಕ್ಕೆ ಕ್ಯಾಮೆರಾದ ಮುಂದೆ ಪಟ್ಟಕವಿಟ್ಟರು, ಮುಖಗಳು ಸಾಲುಸಾಲಾಗಿ ದೂರ ಸರಿಯುವ ದೃಶ್ಯಕ್ಕೆ ಕ್ಯಾಮೆರಾವನ್ನು ಅದರದೇ ಚಿತ್ರ ಮೂಡುವ ಪರದೆಗೆ ತಿರುಗಿಸಿದರು. ಹಾಡಿಗೆ ಮೊದಲೂ ಇಂಥ ಚಿತ್ರಗಳನ್ನು ಮಾಡಿದವರಿದ್ದರು. ಒಂದು ಸಿಂಗಲ್ಲಿನ ಮಾರಾಟ ವಿಡಿಯೊದಿಂದ ಏರಬಹುದೆಂದು ಕಂಪನಿಗಳು ಕಣ್ಣಾರೆ ಕಂಡದ್ದು ಇದರಿಂದ. ನವೆಂಬರ್ ಕೊನೆಗೆ ಬ್ರಿಟನ್ನಿನ ಸಿಂಗಲ್ಲುಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಒಂಬತ್ತು ವಾರ ಕೆಳಗಿಳಿಯಲಿಲ್ಲ, ಹತ್ತು ಲಕ್ಷಕ್ಕಿಂತ ಹೆಚ್ಚು ತಟ್ಟೆಗಳು ಮಾರಾಟವಾದವು. ಅದನ್ನು ಇಳಿಸಿದ್ದು ಸ್ವೀಡನ್ನಿನ ಅಬ್ಬಾ ತಂಡದ ‘ಮಾಮಾ ಮಿಯಾ’. ಕ್ವೀನ್ ಹಾಡಿನ ಆಪೆರಾ ಭಾಗದಲ್ಲಿಯೂ ಆ ಉದ್ಗಾರ ಬರುತ್ತದೆ ಎಂಬುದನ್ನು ಗಮನಿಸಿದ್ದೀರಾ?

ಪ್ರಶ್ನೆ: ವಿಮರ್ಶಕರೂ ಆಗಲೇ ಮೆಚ್ಚಿದರೇ? ಐವತ್ತು ವರ್ಷದ ಹಿಂದಿನ ಹಾಡು ನನ್ನ ಮೊಮ್ಮಗನ ಬಾಯಿಯಲ್ಲಿ ಹೇಗೆ ಬಂತು? (ಇಂಡಿ)

ಉತ್ತರ: ಆಗಿನ ಸಂಗೀತ ಪತ್ರಿಕೆಗಳ ಮಾತೆಲ್ಲ ಹೊಗಳಿಕೆಯಾಗಿರಲಿಲ್ಲ, ಆಡಂಬರ ಹೆಚ್ಚೆಂದು ಮೂಗು ಮುರಿದವರೂ ಇದ್ದರು. ಅಮೆರಿಕದಲ್ಲಿ 1976ರಲ್ಲಿ ಅದು ಒಂಬತ್ತನೆಯ ಸ್ಥಾನದವರೆಗಷ್ಟೇ ಹೋಯಿತು. 1991ರ ನವೆಂಬರ್ 24ರಂದು ಮರ್ಕ್ಯುರಿ ಏಡ್ಸ್‌ನಿಂದ ಉಂಟಾದ ನ್ಯುಮೋನಿಯಾಕ್ಕೆ ಬಲಿಯಾದ ಮೇಲೆ ಹಾಡನ್ನು ಮತ್ತೆ ಹೊರತಂದರು, ಬಂದ ಹಣ ಏಡ್ಸ್ ಪೀಡಿತರ ಸೇವಾ ಸಂಸ್ಥೆಗೆ ಹೋಯಿತು. ಬ್ರಿಟನ್ನಿನಲ್ಲಿ ಇನ್ನೊಮ್ಮೆ ಐದು ವಾರ ಅದು ಮೊದಲ ಸ್ಥಾನದಲ್ಲಿ ನಿಂತಿತು. ಮರುವರ್ಷ ‘ವೇಯ್ನ್ಸ್ ವರ್ಲ್ಡ್’ ಎಂಬ ನಗೆ ಸಿನಿಮಾದಲ್ಲಿ ಕಾರಿನಲ್ಲಿ ಕುಳಿತ ಗೆಳೆಯರು ಇದೇ ಹಾಡಿಗೆ ತಲೆ ಕೊಡವಿದ ದೃಶ್ಯ ಅಮೆರಿಕದಲ್ಲಿ ಅದನ್ನು ಎರಡನೆಯ ಸ್ಥಾನಕ್ಕೆ ಏರಿಸಿತು. ಆ ಸಿನಿಮಾದ ನಾಯಕ ಮೈಕ್ ಮೈಯರ್ಸ್. ಗೋಕಾಕದವರಿಗೆ ಹೇಳಿದ ತಮಾಷೆ ಇದೇ: ತಲೆ ಕೊಡವಿ ಹಾಡನ್ನು ಮರಳಿ ಗೆಲ್ಲಿಸಿದವನೇ 2018ರ ಸಿನಿಮಾದಲ್ಲಿ ಈ ಹಾಡಿಗೆ ಕಾರಿನಲ್ಲಿ ಯಾರೂ ತಲೆ ಕೊಡವುವುದಿಲ್ಲವೆಂದು ಗೊಣಗುವ ಅಧಿಕಾರಿಯಾದ. ನಿಮ್ಮ ಮೊಮ್ಮಗನಿಗೆ ಹಾಡು ಸಿಕ್ಕಿದ್ದು ಬಹುಶಃ ಆ ಸಿನಿಮಾದಿಂದ ಅಥವಾ ಯೂಟ್ಯೂಬಿನಿಂದ. 2019ರಲ್ಲಿ ಅದರ ವಿಡಿಯೊ ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆ ದಾಟಿತು.

ಪ್ರಶ್ನೆ: ನಾನು ಅಡತಿ ವ್ಯಾಪಾರಸ್ಥ, ನನಗೆ ಲೆಕ್ಕ ಬೇಕು. ತಟ್ಟೆಯ ಹಿಂದಿನ ಬದಿಯ ಹಾಡಿಗೆ ಎಷ್ಟು ಪಾಲು ಸಿಗುತ್ತಿತ್ತು? (ಬಾಗಲಕೋಟೆ)

ಉತ್ತರ: ಸಮಪಾಲು. ಇದು ಸಿಂಗಲ್ ವ್ಯಾಪಾರದ ವಿಚಿತ್ರ. ಗಿರಾಕಿ ಮುಂದಿನ ಬದಿಗಾಗಿಯೇ ದುಡ್ಡು ಕೊಟ್ಟರೂ ತಟ್ಟೆಯ ಜೊತೆ ಎರಡು ಹಾಡೂ ಮಾರಾಟವಾದಂತೆಯೇ ಲೆಕ್ಕ; ಪ್ರತಿ ತಟ್ಟೆಗೆ ಇಷ್ಟೆಂದು ಬರುವ ಗೌರವಧನ ಎರಡೂ ಹಾಡಿನ ರಚನೆಕಾರರಿಗೆ ಒಂದೇ ಅಳತೆಯಲ್ಲಿ ಹೋಗುತ್ತಿತ್ತು. ಹಿಂಬದಿಯಲ್ಲಿದ್ದದ್ದು ಡ್ರಮ್ಸಿನ ಟೇಲರ್ ಕಾರಿನ ಮೋಹದ ಮೇಲೆ ಬರೆದ ಹಾಡು. ಮೂರು ವಾರ ಗಂಟಲು ಹರಿದುಕೊಂಡು ಎಲ್ಲರೂ ಕಟ್ಟಿದ ಹಾಡಿನ ರಚನೆಯ ಹಣ ಮರ್ಕ್ಯುರಿಯೊಬ್ಬನಿಗೆ, ಅಷ್ಟೇ ಹಣ ಯಾರೂ ಕೇಳದ ಹಿಂಬದಿಗೆ! ತಂಡದೊಳಗೆ ಇದು ಬಹುಕಾಲ ಮುಳ್ಳಾಗಿತ್ತು. 1989ರ ಆಲ್ಬಮ್ಮಿನಿಂದ ಎಲ್ಲ ಹಾಡುಗಳಿಗೂ ನಾಲ್ವರ ಹೆಸರನ್ನೂ ಹಾಕುವ ಕರಾರು ಮಾಡಿಕೊಂಡ ಮೇಲೆಯೇ ಜಗಳ ತಣ್ಣಗಾಯಿತು. ಪಾಲುದಾರಿಕೆಯ ಕಾಗದವನ್ನು ಮೊದಲೇ ಬರೆದುಕೊಳ್ಳಬೇಕೆಂದು ಅಡತಿಯವರಾದ ನಿಮಗೆ ನಾನು ಹೇಳಬೇಕೇ?

ಇನ್ನೂ ಒಂದು ಲೆಕ್ಕ ನಿಮಗೆ ರುಚಿಸಬಹುದು. 2023ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ಹಾಡಿನ ಕೈಬರಹದ ಕರಡು 13 ಲಕ್ಷ ಪೌಂಡಿಗೂ, ಇದನ್ನು ರಚಿಸಿದ ಯಮಾಹಾ ಪಿಯಾನೊ 17 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾದವು. ಕರಡಿನಲ್ಲಿ ಮೊದಲು ‘ಮಂಗೋಲಿಯನ್’ ಎಂದು ಬರೆದು ಹೊಡೆದುಹಾಕಿ ‘ಬೊಹೀಮಿಯನ್’ ಎಂದು ತಿದ್ದಿದ್ದು ಕಾಣುತ್ತದೆ.

ಪ್ರಶ್ನೆ: ವೇದಿಕೆಯ ಮೇಲೆ ಆಪೆರಾ ಭಾಗಕ್ಕೆ ಟೇಪು ಹಾಕುತ್ತಿದ್ದರಂತೆ. ಇದು ಮೋಸವಲ್ಲವೇ? (ಚಿಕ್ಕೋಡಿ)

ಉತ್ತರ: ಹಾಡಿದಂತೆ ನಟಿಸಿದ್ದರೆ ಮೋಸವಾಗುತ್ತಿತ್ತು. ಅವರು ಆ ಭಾಗ ಬಂದಾಗ ವೇದಿಕೆಯನ್ನೇ ಬಿಟ್ಟು ಒಳಗೆ ಹೋಗಿ, ಬೆಳಕಿನಾಟದ ನಡುವೆ ಟೇಪನ್ನು ಕೇಳಿಸಿ, ಗಿಟಾರಿನ ಅಬ್ಬರ ಮೊದಲಾಗುವಾಗ ಮರಳಿ ನುಗ್ಗುತ್ತಿದ್ದರು.

ಪ್ರಶ್ನೆ: ಕಾಕಾವರಿಗೆ ನಮಸ್ಕಾರ. ನಾವು ಐದು ಜನ ಗೆಳೆಯರು ಟಿಳಕವಾಡಿಯಲ್ಲಿ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಗೀಗೀ ಪದದ ದಪ್ಪು, ತುಂತುಣಿಗಳನ್ನು ಗಿಟಾರು, ಡ್ರಮ್ಸ್ ಜೊತೆ ಕೂಡಿಸಿ ಆರೂವರೆ ನಿಮಿಷದ ಒಂದು ಕನ್ನಡ ಹಾಡು ಮಾಡಿದ್ದೇವೆ. ರೆಕಾರ್ಡಿಂಗ್ ಮಾಡುವವರು ಮೂರು ನಿಮಿಷಕ್ಕೆ ಇಳಿಸಿ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ನೀವು ಬರೆದ ಹಾಡನ್ನೇ ಅವರಿಗೆ ಉದಾಹರಣೆ ಕೊಟ್ಟರೆ ನಗುತ್ತಾರೆ. ಏನು ಮಾಡಬೇಕು? (ಬೆಳಗಾವಿ)

ಉತ್ತರ: ತಮ್ಮಾ, ಅವರು ನಗುವುದರಲ್ಲಿ ಅರ್ಧ ನ್ಯಾಯವಿದೆ. ಕ್ವೀನ್ ತಂಡ ಆ ಹಾಡನ್ನು ಮಾಡುವಾಗ ಮೂರು ಆಲ್ಬಮ್ ಹೊರತಂದಿತ್ತು, 1974ರಲ್ಲಿ ಅವರ ಒಂದು ಸಿಂಗಲ್ಲು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತ್ತು. ಹೆಸರು ಕೇಳಿದವರು ಆರು ನಿಮಿಷ ಕೂತಾರೆಂಬ ಭರವಸೆ ಅವರಿಗಿತ್ತು. ಹಳೆಯ ತಟ್ಟೆಯ ಕಟ್ಟು ನಿಮಗಿಲ್ಲ, ಈಗ ಗೀರಿನ ಜಾಗ ಸಾಲದೆಂದು ಯಾರೂ ನಿಮ್ಮನ್ನು ತಡೆಯಲಾರರು. ಆದರೆ ಬೇರೊಂದು ಕಟ್ಟು ಬಂದಿದೆ. ಸ್ಪಾಟಿಫೈನಲ್ಲಿ ಕೇಳುಗ 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಎಣಿಕೆಗೆ ಸೇರುತ್ತದೆ. ಆಮೇಲೆ ಮೂರು ನಿಮಿಷ ಕೇಳಿದರೂ ಆರು ನಿಮಿಷ ಕೇಳಿದರೂ ಎಣಿಕೆ ಒಂದೇ. ಆದ್ದರಿಂದಲೇ ಈಗಿನ ಹಾಡುಗಳು ಮುನ್ನುಡಿಯನ್ನು ಬಿಟ್ಟು ನೇರವಾಗಿ ಬಾಗಿಲಿಗೇ ಬರುತ್ತಿವೆ.

ಇನ್ನರ್ಧ ನ್ಯಾಯ ನಿಮ್ಮ ಕಡೆಗಿದೆ. ಶಿಶುನಾಳ ಶರೀಫರ ಪದವನ್ನು ಗಿಟಾರಿನ ಜೊತೆ ಹಾಡಿ ರಘು ದೀಕ್ಷಿತ್ ಅವರ ತಂಡ 2008ರಲ್ಲಿ ತನ್ನ ಮೊದಲ ಆಲ್ಬಮ್ ಹೊರತಂದಾಗ, ಕನ್ನಡದ ಪದಕ್ಕೂ ರಾಕ್ ವಾದ್ಯಕ್ಕೂ ಹೊಂದಿಕೆಯಾದೀತೇ ಎಂಬ ಅನುಮಾನ ಬಹಳ ಮಟ್ಟಿಗೆ ತೀರಿತು. ನಿಮ್ಮ ದಪ್ಪು, ತುಂತುಣಿಗಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಉದ್ದದ ಪ್ರಶ್ನೆಯನ್ನು ಮಾತ್ರ ಗಡಿಯಾರ ನೋಡಿ ತೀರ್ಮಾನಿಸಬೇಡಿ. ನಿಮ್ಮ ಹಾಡಿನ ಒಂದೊಂದೇ ಭಾಗವನ್ನು ತೆಗೆದು ಕೇಳಿ. ಮರ್ಕ್ಯುರಿಯ ಹಾಡಿನಿಂದ ಆಪೆರಾವನ್ನು ಕಿತ್ತರೆ ಅದರ ಹಿಂದಿನ ಮೆಲುಹಾಡಿಗೂ ಮುಂದಿನ ಅಬ್ಬರಕ್ಕೂ ನಂಟೇ ಉಳಿಯುವುದಿಲ್ಲ. ನಿಮ್ಮ ಹಾಡಿನಲ್ಲಿ ಯಾವ ಭಾಗವನ್ನು ಕಿತ್ತರೂ ನೋವಾಗದಿದ್ದರೆ, ಅದನ್ನು ಇಟ್ಟುಕೊಂಡದ್ದು ನುಡಿಸಿದವನ ಮನಸ್ಸು ನೋಯದಿರಲೆಂದೇ ಇರಬೇಕು. ಐದು ಜನರ ಬ್ಯಾಂಡಿನಲ್ಲಿ ಇದು ಸಾಮಾನ್ಯ, ನಾನೂ ಕಾಲೇಜಿನಲ್ಲಿ ತಬಲಾ ನುಡಿಸುವಾಗ ನನ್ನ ಒಂದು ತಿಹಾಯಿಗಾಗಿ ಇಡೀ ಹಾಡನ್ನು ಕಾಯಿಸಿದ್ದೇನೆ.

ಹಾಡು ಮುಗಿದಾಗ ಕಳಿಸಿ, ಕೇಳುತ್ತೇನೆ. ಮೂರು ನಿಮಿಷದ್ದೊಂದು, ಆರೂವರೆ ನಿಮಿಷದ್ದೊಂದು ಎಂದು ಎರಡು ಮಾಡಿ ಆಯ್ಕೆಯನ್ನು ನನ್ನ ಮೇಲೆ ಹಾಕಬೇಡಿ. ಐವರೂ ಕೂತು ಒಪ್ಪಿದ ಒಂದನ್ನಷ್ಟೇ ಕಳಿಸಿ.